ಹಳೇ ಲ್ಯಾಪ್‌ಟಾಪ್‌ನ ಸೆಕೆಂಡ್ ಇನಿಂಗ್ಸ್

‘ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ ಕಣೇ, ಹೊಸದು ತಗೋಬೇಕು.’ ಡಿಗ್ರಿಯ ಕೊನೆಯ ವರ್ಷಕ್ಕೆ ಬಂದವರ ಬಾಯಲ್ಲಿ ಈ ಮಾತು ದಿನಕ್ಕೊಮ್ಮೆಯಾದರೂ ಬರುತ್ತದೆ. ಅತ್ತ ಪ್ರಾಜೆಕ್ಟ್ ಮುಗಿಸಬೇಕು, ಇತ್ತ ಪ್ಲೇಸ್‌ಮೆಂಟ್ ಟೆಸ್ಟ್‌ಗಳು ಶುರುವಾಗಿರುತ್ತವೆ. ಇಂಥ ಹೊತ್ತಿನಲ್ಲೇ ಮೂರು ಟ್ಯಾಬ್ ತೆರೆದರೆ ನಾಲ್ಕನೆಯದಕ್ಕೆ ಲ್ಯಾಪ್‌ಟಾಪ್ ಮುಷ್ಕರ ಹೂಡುತ್ತದೆ. ಅಂಗಡಿಗೆ ಹೋಗಿ ಕೇಳಿದರೆ ಸಾಧಾರಣದ್ದಕ್ಕೂ 40 ಸಾವಿರ ಎನ್ನುತ್ತಾರೆ. ಕೆಲಸ ಸಿಗುವ ಮೊದಲೇ ಸಾಲ ಶುರುವಾಗುವುದು ಹೀಗೆ.

ನನ್ನದೂ ಅದೇ ಪರಿಸ್ಥಿತಿ. 2022ರಲ್ಲಿ ಬಿಸಿಎ ಸೇರುವಾಗ 16 ಸಾವಿರ ಕೊಟ್ಟು ತಂದ ರಿಫರ್ಬಿಶ್ಡ್ ಥಿಂಕ್‌ಪ್ಯಾಡ್ ಟಿ430 ನನ್ನದು. 2012ರ ಮಾಡೆಲ್. ಯಾವುದೋ ಕಂಪನಿಯಲ್ಲಿ ದುಡಿದು ನಿವೃತ್ತಿಯಾಗಿ ನನ್ನ ಕೈಗೆ ಬಂದಿತ್ತು. ಮೂರನೇ ವರ್ಷ ಆಂಡ್ರಾಯ್ಡ್ ಆ್ಯಪ್ ಪ್ರಾಜೆಕ್ಟ್ ತೆಗೆದುಕೊಂಡಾಗ ಅದರ ಸುಸ್ತು ಎದ್ದು ಕಾಣತೊಡಗಿತು. ಅಮ್ಮ ಫೋನಿನಲ್ಲಿ, ‘ಸಂಘದಲ್ಲಿ ನಲವತ್ತು ಸಾವಿರ ಎತ್ತಿಕೊಡ್ತೀನಿ, ಹೊಸದೇ ತಗೊಂಡುಬಿಡು ಮಗಾ’ ಅಂದರು. ಆ ಸಂಘದ ಕಂತನ್ನು ವಾರವಾರ ಕಟ್ಟುವುದು ಹೊಲಿಗೆ ಯಂತ್ರದ ಮುಂದೆ ಕೂತು ಎಂಬುದು ನನಗೆ ಗೊತ್ತಿತ್ತು. ‘ಒಂದು ತಿಂಗಳು ಟೈಮ್ ಕೊಡಮ್ಮ, ನೋಡ್ತೀನಿ’ ಅಂದೆ. ಆ ಒಂದು ತಿಂಗಳಲ್ಲಿ ಕಲಿತದ್ದು, ಮಾಡಿದ್ದು ಇಲ್ಲಿದೆ. ನನ್ನ ಹಾಗೆ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಹುಡುಕುತ್ತಿರುವವರಿಗೆ ಉಪಯೋಗವಾದರೆ ಆಗಲಿ.

ಮೊದಲು ಕಾಯಿಲೆ ಯಾವುದು ನೋಡಿ

ಲ್ಯಾಪ್‌ಟಾಪ್ ನಿಧಾನವಾದ ಕೂಡಲೇ ನಾವು ಬೈಯುವುದು ಪ್ರೊಸೆಸರನ್ನು. ಬಹಳ ಸಲ ತಪ್ಪು ಅದರದ್ದಾಗಿರುವುದಿಲ್ಲ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟ ತೆರೆದಿಟ್ಟು, ನಿಮ್ಮ ದಿನನಿತ್ಯದ ಕೆಲಸ ಮಾಡಿ. ಯಾವುದು 100ಕ್ಕೆ ಹೋಗಿ ನಿಲ್ಲುತ್ತದೋ ಅದೇ ಕಾಯಿಲೆಯ ಜಾಗ.

ಡಿಸ್ಕ್ 100 ತೋರಿಸುತ್ತಿದ್ದರೆ ಹಳೇ ಹಾರ್ಡ್ ಡಿಸ್ಕ್ ತೊಂದರೆ ಕೊಡುತ್ತಿದೆ ಎಂದರ್ಥ. ಒಳಗೆ ತಟ್ಟೆ ತಿರುಗಿ, ಮುಳ್ಳು ಓಡಾಡಿ ಫೈಲ್ ಹುಡುಕುವ ಯಂತ್ರ ಅದು. ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಲ್ಯಾಪ್‌ಟಾಪ್ ಗುರುತೇ ಸಿಗದಷ್ಟು ಬದಲಾಗುತ್ತದೆ. ಮೆಮೊರಿ 90 ದಾಟಿ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ಹೆಚ್ಚುವರಿ ಸಾಮಾನನ್ನು ಡಿಸ್ಕ್‌ಗೆ ಸಾಗಿಸುತ್ತದೆ. ಆಗ ಡಿಸ್ಕ್ ಕೂಡ 100 ತೋರಿಸಬಹುದು. ಇವೆರಡೂ ಸುಮ್ಮನಿದ್ದು ಸಿಪಿಯು ಗ್ರಾಫ್ ಮಾತ್ರ ಮೇಲಕ್ಕೆ ಅಂಟಿಕೊಂಡಿದ್ದರೆ ಆಗ ಪ್ರೊಸೆಸರ್ ಬಗ್ಗೆ ಯೋಚಿಸಬೇಕು.

ಇನ್ನೊಂದು ಕಾಯಿಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸುಲಭವಾಗಿ ಕಾಣುವುದಿಲ್ಲ. ಅದು ಬಿಸಿ. ಪ್ರೊಸೆಸರ್‌ನ ಶಾಖ 100 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಬಂದರೆ ಅದು ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಎಚ್‌ಡಬ್ಲ್ಯುಇನ್ಫೋದಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಶಾಖ ನೋಡಬಹುದು. ಹತ್ತು ವರ್ಷದ ದೂಳು ಫ್ಯಾನ್‌ನ ಬಾಯಿಗೆ ಕಂಬಳಿಯ ಹಾಗೆ ಕೂತಿರುತ್ತದೆ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ. ನನ್ನ ಲ್ಯಾಪ್‌ಟಾಪ್ ಪ್ರಾಜೆಕ್ಟ್ ಬಿಲ್ಡ್ ಮಾಡುವಾಗ 96 ಡಿಗ್ರಿ ಮುಟ್ಟುತ್ತಿತ್ತು.

ಹಾಗಾಗಿ ನಾನು ಮೊದಲು ಮಾಡಿದ್ದು ಮೂರು ಕೆಲಸ. 256 ಜಿಬಿ ಎಸ್‌ಎಸ್‌ಡಿ ಹಾಕಿದೆ. 4 ಜಿಬಿ ಇದ್ದ ಕಡೆ 8 ಜಿಬಿಯ ಇನ್ನೊಂದು ರ‍್ಯಾಮ್ ಪಟ್ಟಿ ಸೇರಿಸಿದೆ. ಫ್ಯಾನ್ ದೂಳು ತೆಗೆದು ಪೇಸ್ಟ್ ಬದಲಿಸಿದೆ. ಆನ್ ಆಗಲು ಎರಡೂಕಾಲು ನಿಮಿಷ ತೆಗೆದುಕೊಳ್ಳುತ್ತಿದ್ದ ಲ್ಯಾಪ್‌ಟಾಪ್ 22 ಸೆಕೆಂಡಿಗೆ ಆನ್ ಆಯಿತು. ಶಾಖ 80ರ ಆಸುಪಾಸಿಗೆ ಇಳಿಯಿತು. ಬಯೋಸ್‌ಗೆ ಹೋಗಿ ವರ್ಚುವಲೈಸೇಷನ್ ಎಂಬ ಆಯ್ಕೆಯನ್ನು ಆನ್ ಮಾಡಿದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಆದರೆ ಇದಿಲ್ಲದಿದ್ದರೆ ಆಂಡ್ರಾಯ್ಡ್ ಎಮ್ಯುಲೇಟರ್ ಆಮೆಯಂತೆ ತೆವಳುತ್ತದೆ.

ನಿಮ್ಮಲ್ಲಿ ಹತ್ತರಲ್ಲಿ ಎಂಟು ಜನ ಈ ಹಂತದಲ್ಲೇ ನಿಲ್ಲಬಹುದು. ನಾನು ನಿಲ್ಲಲಿಲ್ಲ, ಏಕೆಂದರೆ ಆ್ಯಪ್ ಬಿಲ್ಡ್ ಕೊಟ್ಟಾಗಲೆಲ್ಲ ಸಿಪಿಯು ಗ್ರಾಫ್ ಇನ್ನೂ 100ರಲ್ಲೇ ನಿಂತಿರುತ್ತಿತ್ತು. ಒಂದು ಬಟನ್‌ನ ಬಣ್ಣ ಬದಲಿಸಿ ನೋಡಲು ನಿಮಿಷಗಟ್ಟಲೆ ಕಾಯಬೇಕಿತ್ತು.

ಹೆಸರಿನ ಕೊನೆಯ ಅಕ್ಷರ ಓದಿ

ಲ್ಯಾಪ್‌ಟಾಪ್‌ನ ಪ್ರೊಸೆಸರ್ ಬದಲಾಯಿಸಬಹುದು ಎಂದರೆ ಈಗ ಹಲವರು ನಂಬುವುದಿಲ್ಲ. ಅವರ ಅನುಮಾನಕ್ಕೆ ಕಾರಣವೂ ಇದೆ. ಇವತ್ತಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ. ಇದಕ್ಕೆ ಬಿಜಿಎ ಎನ್ನುತ್ತಾರೆ. ಚಿಪ್‌ನ ಕೆಳಗೆ ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡುಗಳು ನೂರಾರು ಇರುತ್ತವೆ. ಮನೆಯಲ್ಲಿ ಕೂತು ಬಿಡಿಸುವ ಮಾತೇ ಇಲ್ಲ. ಲ್ಯಾಪ್‌ಟಾಪ್ ತೆಳ್ಳಗಾಗುತ್ತ ಬಂದ ಹಾಗೆ ಸಾಕೆಟ್ ಎಂಬ ದಪ್ಪನೆಯ ಭಾಗ ಕಂಪನಿಗಳಿಗೆ ಬೇಡವಾಯಿತು.

ಅದಕ್ಕಿಂತ ಹಿಂದೆ ಹಾಗಿರಲಿಲ್ಲ. ಇಂಟೆಲ್‌ನ ಎರಡನೇ ಮತ್ತು ಮೂರನೇ ಪೀಳಿಗೆಯ, ಅಂದರೆ 2011 ಮತ್ತು 2012ರ ಸುಮಾರಿನ ಸ್ಯಾಂಡಿ ಬ್ರಿಜ್, ಐವಿ ಬ್ರಿಜ್ ಕಾಲದ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಸಾಕೆಟ್ ಜಿ2 ಇರುತ್ತಿತ್ತು. ಪ್ರೊಸೆಸರ್‌ಗೆ 988 ಪಿನ್‌ಗಳು. ನಾಲ್ಕನೇ ಪೀಳಿಗೆಯ ಹ್ಯಾಸ್ವೆಲ್‌ನಲ್ಲಿ ಸಾಕೆಟ್ ಜಿ3 ಬಂತು. ಐದನೇ ಪೀಳಿಗೆಯ ಬ್ರಾಡ್‌ವೆಲ್ ಬರುವ ಹೊತ್ತಿಗೆ ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳೆಲ್ಲ ಬೆಸುಗೆಯವೇ ಆದವು. ಎಎಂಡಿಯಲ್ಲೂ 2012ರ ಸುಮಾರಿನ ಎ ಸರಣಿಯ ಕೆಲವು ಪ್ರೊಸೆಸರ್‌ಗಳು ಸಾಕೆಟ್‌ನಲ್ಲಿ ಕೂರುತ್ತಿದ್ದವು. ರೈಜೆನ್ ಲ್ಯಾಪ್‌ಟಾಪ್‌ಗಳದ್ದು ಬಹುಮಟ್ಟಿಗೆ ಬೆಸುಗೆಯೇ.

ನಿಮ್ಮದು ಯಾವುದು ಎಂದು ತಿಳಿಯಲು ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ. ಎರಡರಿಂದ ನಾಲ್ಕನೇ ಪೀಳಿಗೆಯಲ್ಲಿ ‘ಎಂ’, ‘ಕ್ಯೂಎಂ’, ‘ಎಂಕ್ಯೂ’ ಎಂದಿದ್ದರೆ ಸಾಕೆಟ್ ಇರುವ ಸಾಧ್ಯತೆ ಹೆಚ್ಚು. ‘ಯು’ ಎಂದಿದ್ದರೆ ಬೆಸುಗೆ, ಅಲ್ಲಿಗೆ ಆಸೆ ಬಿಡಬೇಕು. ‘ಎಚ್‌ಕ್ಯೂ’ ಕೂಡ ಬೆಸುಗೆಯೇ. ಖಚಿತಪಡಿಸಿಕೊಳ್ಳಲು ಸಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರ ಪ್ಯಾಕೇಜ್ ಸಾಲಿನಲ್ಲಿ ‘ಪಿಜಿಎ’ ಎಂದು ಬಂದರೆ ಸಾಕೆಟ್, ‘ಬಿಜಿಎ’ ಎಂದು ಬಂದರೆ ಬೆಸುಗೆ. ಪಿ ಮತ್ತು ಬಿ ನಡುವೆ ಒಂದೇ ಅಕ್ಷರದ ವ್ಯತ್ಯಾಸ, ಪರಿಣಾಮ ಮಾತ್ರ ಸಾವಿರಾರು ರೂಪಾಯಿಯದ್ದು.

ನನ್ನ ಕ್ಲಾಸ್‌ಮೇಟ್ ಒಬ್ಬಳ ಲ್ಯಾಪ್‌ಟಾಪ್‌ನಲ್ಲಿ ಐ3-5005ಯು ಇತ್ತು. ಊರಿನ ಒಂದು ಸರ್ವಿಸ್ ಅಂಗಡಿಯವರು, ‘ಒಂಬತ್ತು ಸಾವಿರ ಕೊಡಿ, ಐ7 ಕೂರಿಸಿಕೊಡ್ತೀವಿ’ ಅಂದಿದ್ದರಂತೆ. ಅದು ಐದನೇ ಪೀಳಿಗೆಯದ್ದು, ಮೇಲಾಗಿ ‘ಯು’. ನಾವಿಬ್ಬರೂ ಹೋಗಿ, ‘ಅಣ್ಣಾ, ಇದು ಬಿಜಿಎ ಅಲ್ವಾ, ಹೇಗೆ ಚೇಂಜ್ ಮಾಡ್ತೀರಾ?’ ಎಂದು ಕೇಳಿದೆವು. ಅವರು ಫೋನ್ ಬಂತೆಂದು ಎದ್ದು ಹೊರಗೆ ಹೋದರು. ಅವಳು 1,500 ರೂಪಾಯಿಯ ಎಸ್‌ಎಸ್‌ಡಿ ಹಾಕಿಸಿಕೊಂಡು ಸುಮ್ಮನಾದಳು. ಉಳಿದದ್ದು 7,500 ರೂಪಾಯಿ.

ಯಾವುದು ಹೊಂದುತ್ತದೆ?

ಸಾಕೆಟ್ ಇದ್ದ ಮಾತ್ರಕ್ಕೆ ಸಿಕ್ಕಿದ್ದೆಲ್ಲ ಕೂರಿಸಲಾಗುವುದಿಲ್ಲ. ನಾಲ್ಕು ವಿಷಯ ಹೊಂದಬೇಕು. ಮೊದಲನೆಯದು ಸಾಕೆಟ್. ಎರಡನೆಯದು ಚಿಪ್‌ಸೆಟ್. ಸ್ಯಾಂಡಿ ಬ್ರಿಜ್ ಮತ್ತು ಐವಿ ಬ್ರಿಜ್ ಎರಡಕ್ಕೂ ಸಾಕೆಟ್ ಜಿ2 ಒಂದೇ ಆದರೂ, ಎಚ್‌ಎಂ65ರಂಥ 6ನೇ ಸರಣಿಯ ಚಿಪ್‌ಸೆಟ್ ಇರುವ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಮೂರನೇ ಪೀಳಿಗೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಅಲ್ಲಿ ಎರಡನೇ ಪೀಳಿಗೆಯ ಒಳಗೇ ಮೇಲೇರಬೇಕು. ಮೂರನೆಯದು ಬಯೋಸ್. ಹೊಸ ಪ್ರೊಸೆಸರ್‌ನ ಗುರುತು ಬಯೋಸ್‌ಗೆ ಸಿಗಬೇಕು. ಹಾಗಾಗಿ ಹಳೇ ಪ್ರೊಸೆಸರ್ ಇರುವಾಗಲೇ, ಬ್ಯಾಟರಿ ಮತ್ತು ಚಾರ್ಜರ್ ಎರಡನ್ನೂ ಹಾಕಿಕೊಂಡು, ಕಂಪನಿಯ ಕೊನೆಯ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಅದು ಟಿಡಿಪಿ, ಅಂದರೆ ಪ್ರೊಸೆಸರ್ ಎಷ್ಟು ವಾಟ್ ಶಾಖ ಹೊರಹಾಕುತ್ತದೆ ಎಂಬ ಲೆಕ್ಕ. ನನ್ನದರಲ್ಲಿ ಮೊದಲಿದ್ದದ್ದು ಐ5-3320ಎಂ. 2 ಕೋರ್, 4 ಥ್ರೆಡ್, 35 ವಾಟ್. ಅದೇ ಪೀಳಿಗೆಯ ಐ7-3740ಕ್ಯೂಎಂನಲ್ಲಿ 4 ಕೋರ್ ಇದೆ, ಆದರೆ 45 ವಾಟ್. 35 ವಾಟ್‌ಗೆಂದು ಮಾಡಿದ ಫ್ಯಾನ್‌ಗೆ 45 ವಾಟ್ ಹೊರೆ ಹೊರಿಸಿದರೆ ಅದು ಬಿಸಿಯಾಗಿ ಥ್ರಾಟ್ಲಿಂಗ್‌ಗೆ ಹೋಗುತ್ತದೆ. ಚಾರ್ಜರ್ ಕೂಡ ದೊಡ್ಡದು ಬೇಕಾಗಬಹುದು. ಕೊಟ್ಟ ದುಡ್ಡಿನ ವೇಗ ಪೂರ್ತಿ ಕೈಗೆ ಸಿಗುವುದಿಲ್ಲ.

ಹುಡುಕಿದಾಗ ನನಗೆ ಸಿಕ್ಕಿದ್ದು ಐ7-3632ಕ್ಯೂಎಂ. 4 ಕೋರ್, 8 ಥ್ರೆಡ್, 6 ಎಂಬಿ ಕ್ಯಾಶ್, ಆದರೂ 35 ವಾಟ್. ನನ್ನ ಹಳೆಯದಕ್ಕೆ ಕ್ಯಾಶ್ ಇದ್ದದ್ದು 3 ಎಂಬಿ. ಒಂದೇ ಎಚ್ಚರಿಕೆ ಏನೆಂದರೆ, ಈ ಚಿಪ್ ಇದೇ ಹೆಸರಿನಲ್ಲಿ ಪಿನ್ ಇರುವುದೂ ಇದೆ, ಬೆಸುಗೆಯದ್ದೂ ಇದೆ. ಹೆಸರು ನೋಡಿ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಯಾವುದು ಬರುತ್ತದೋ ಹೇಳಲಾಗದು. ಕೈಯಲ್ಲಿ ಹಿಡಿದು, ತಿರುಗಿಸಿ, ಪಿನ್ ನೋಡಿಯೇ ತರಬೇಕು ಎಂದು ತೀರ್ಮಾನಿಸಿದೆ.

ಎಸ್.ಪಿ. ರಸ್ತೆಯ ಒಂದು ಮಧ್ಯಾಹ್ನ

ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂದರೆ ಎಷ್ಟೋ ಜನರಿಗೆ ತಿಳಿಯಲಿಕ್ಕಿಲ್ಲ, ಎಸ್.ಪಿ. ರಸ್ತೆ ಎಂದರೆ ಕಂಪ್ಯೂಟರ್ ಓದುವವರಿಗೆಲ್ಲ ಗೊತ್ತು. ಟೌನ್‌ಹಾಲ್‌ನಿಂದ ನಡೆದು ಹೋಗುವಷ್ಟು ಹತ್ತಿರ. ಐ.ಟಿ. ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಿಸುವಾಗ ಹೊರಬೀಳುವ ಮಾಲು ಇಲ್ಲಿನ ಅಂಗಡಿಗಳಲ್ಲಿ ಬಿಡಿಭಾಗವಾಗಿಯೋ, ರಿಪೇರಿಯಾಗಿಯೋ ಮತ್ತೆ ಮಾರಾಟಕ್ಕೆ ಕೂರುತ್ತದೆ.

ನಾಲ್ಕು ಅಂಗಡಿಯಲ್ಲಿ ‘ಇಲ್ಲ’ ಎಂದರು. ಐದನೆಯದು ಮಹಡಿ ಮೇಲಿತ್ತು, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಜಾಗ.

‘ಯಾವ ಮಾಡೆಲ್‌ಗಮ್ಮಾ?’

‘ಟಿ430 ಅಣ್ಣಾ.’

‘ಅದಕ್ಯಾಕಮ್ಮಾ ದುಡ್ಡು ಹಾಕ್ತೀಯಾ? ಟಿ480 ಇದೆ, ಎಂಟನೇ ಜನರೇಷನ್ನು. ಹದಿನೆಂಟಕ್ಕೆ ಮಾಡಿಕೊಡ್ತೀನಿ.’

ಅವರು ವ್ಯಾಪಾರಕ್ಕಾಗಿ ಹೇಳಿದರೂ ಮಾತು ಸುಳ್ಳಲ್ಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ನನ್ನ ಹತ್ತಿರ ಹದಿನೆಂಟು ಸಾವಿರ ಇರಲಿಲ್ಲ ಎಂದಾಗ ನಗುತ್ತಾ ಒಳಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದರು. ಸ್ಪಂಜಿನಲ್ಲಿ ಚುಚ್ಚಿಟ್ಟ ಪ್ರೊಸೆಸರ್‌ಗಳು ಸಾಲಾಗಿ ಇದ್ದವು.

ಹಳೇ ಪ್ರೊಸೆಸರ್ ಕೊಳ್ಳುವಾಗ ನೋಡಬೇಕಾದ್ದು ಮೂರು. ಪಿನ್‌ಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸಾಲು ನೇರವಾಗಿರಬೇಕು, ಒಂದು ಬಾಗಿದ್ದರೂ ಕಣ್ಣಿಗೆ ಬೀಳುತ್ತದೆ. ನಡುವಿನ ಹೊಳೆಯುವ ಸಿಲಿಕಾನ್ ಚೌಕದ ಮೂಲೆಗಳು ಒಡೆದಿರಬಾರದು. ಮೇಲಿನ ಬರಹ ಓದಿ. ಪ್ರೊಸೆಸರ್ ಸಂಖ್ಯೆಯ ಜತೆ ‘ಎಸ್‌ಆರ್’ನಿಂದ ಶುರುವಾಗುವ ಒಂದು ಕೋಡ್ ಇರಬೇಕು. ಅದರ ಬದಲು ‘ಕ್ಯೂ’ನಿಂದ ಶುರುವಾಗಿ, ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಎಂದು ಬರೆದಿದ್ದರೆ ಅದು ಪರೀಕ್ಷೆಗೆಂದು ತಯಾರಿಸಿದ ಎಂಜಿನಿಯರಿಂಗ್ ಸ್ಯಾಂಪಲ್. ಅಗ್ಗಕ್ಕೆ ಸಿಗುತ್ತದೆ, ಆದರೆ ಬಯೋಸ್ ಒಪ್ಪುತ್ತದೆಂಬ ಭರವಸೆ ಇಲ್ಲ. ಇವೆಲ್ಲ ನೋಡಿ, ಚೌಕಾಸಿ ಮಾಡಿ, 2,600 ರೂಪಾಯಿಗೆ ಒಂದು ಐ7 ತಂದೆ. ಒಂದು ವಾರದೊಳಗೆ ಕೆಲಸ ಮಾಡದಿದ್ದರೆ ಬದಲಿಸಿಕೊಡುವುದಾಗಿ ಬಿಲ್ ಮೇಲೆ ಬರೆಸಿಕೊಂಡೆ. ಇದನ್ನು ಕೇಳಲು ಯಾರೂ ನಾಚಿಕೊಳ್ಳಬೇಡಿ.

ಬಿಚ್ಚುವುದು, ಕೂರಿಸುವುದು

ಭಾನುವಾರ ಹಾಸ್ಟೆಲ್ ರೂಮಿನ ಮೇಜು ಖಾಲಿ ಮಾಡಿ, ಬಿಳಿ ಟವೆಲ್ ಹಾಸಿ, ಕೂತೆ. ಬಿಳಿ ಬಟ್ಟೆಯ ಮೇಲೆ ಬಿದ್ದ ಸ್ಕ್ರೂ ಕಾಣುತ್ತದೆ. ಲ್ಯಾಪ್‌ಟಾಪ್ ಕಂಪನಿಗಳು ಹಾರ್ಡ್‌ವೇರ್ ಮೇಂಟೆನನ್ಸ್ ಮ್ಯಾನುಯಲ್ ಎಂಬ ಪುಸ್ತಕ ಕೊಡುತ್ತವೆ. ಯಾವ ಸ್ಕ್ರೂ ಎಲ್ಲಿ, ಯಾವುದನ್ನು ಮೊದಲು ತೆಗೆಯಬೇಕು ಎಂದು ಚಿತ್ರದ ಸಮೇತ ಅದರಲ್ಲಿದೆ. ಹಿಂದಿನ ವಾರವೇ ಅದನ್ನು ಎರಡು ಸಲ ಓದಿಕೊಂಡಿದ್ದೆ. ಬಿಚ್ಚಿದ ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆದೆ. ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಹಂತವಾರು ಹಾಕಿದೆ. ಮೆಸ್ ಅಕ್ಕ, ‘ತೊಳೆದುಕೊಡಬೇಕು ಮತ್ತೆ’ ಎಂಬ ಷರತ್ತಿನ ಮೇಲೆ ಕೊಟ್ಟಿದ್ದರು.

ಚಾರ್ಜರ್, ಬ್ಯಾಟರಿ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಕರೆಂಟ್ ಹೋಗುತ್ತದೆ. ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ ಎಂದು ಕಬ್ಬಿಣದ ಕಿಟಕಿ ಸರಳು ಮುಟ್ಟಿ ಬಂದೆ. ಕೀಬೋರ್ಡ್, ಅದರ ಸುತ್ತಲಿನ ಚೌಕಟ್ಟು ತೆಗೆದ ಮೇಲೆ ಫ್ಯಾನ್ ಮತ್ತು ತಾಮ್ರದ ಹೀಟ್‌ಸಿಂಕ್ ಕಾಣುತ್ತದೆ. ಅದರ ಸ್ಕ್ರೂಗಳನ್ನು ಒಂದೇ ಸಲಕ್ಕೆ ಪೂರ್ತಿ ಬಿಚ್ಚದೆ, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಕಾರಿನ ಚಕ್ರದ ನಟ್ ಬಿಚ್ಚುವ ಹಾಗೆ. ಇಲ್ಲದಿದ್ದರೆ ಒಂದೇ ಕಡೆ ಒತ್ತಡ ಬಿದ್ದು ಸಿಲಿಕಾನ್ ಮೂಲೆ ಒಡೆಯುತ್ತದೆ. ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಲೋಹದ ಮುಚ್ಚಳ ಇರುತ್ತದೆ, ಲ್ಯಾಪ್‌ಟಾಪ್‌ನದ್ದಕ್ಕೆ ಆ ರಕ್ಷಣೆ ಇಲ್ಲ.

ಸಾಕೆಟ್ ಪಕ್ಕದಲ್ಲಿ ಒಂದು ದಪ್ಪ ತಲೆಯ ಸ್ಕ್ರೂ ಇರುತ್ತದೆ, ಅಕ್ಕಪಕ್ಕ ತೆರೆದ ಬೀಗ, ಮುಚ್ಚಿದ ಬೀಗದ ಗುರುತು. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ತೆರೆದ ಬೀಗದ ಕಡೆಗೆ ಅರ್ಧ ಸುತ್ತು ತಿರುಗಿಸಿದರೆ ಪ್ರೊಸೆಸರ್ ಕೈಗೆ ಬಂದುಬಿಡುತ್ತದೆ. ಇಷ್ಟು ವರ್ಷ ಇಡೀ ಯಂತ್ರವನ್ನು ನಡೆಸಿದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಈ ಹಸಿರು ಚೌಕವೇ ಎಂದು ಒಂದು ಗಳಿಗೆ ನೋಡುತ್ತಾ ಕೂತೆ. ಹೊಸದನ್ನು ಮೂಲೆಯ ತ್ರಿಕೋನದ ಗುರುತು ಸರಿಹೊಂದಿಸಿ ಇಟ್ಟರೆ ತನ್ನ ಭಾರಕ್ಕೇ ಇಳಿದು ಕೂರುತ್ತದೆ. ಒತ್ತುವ ಹಾಗಿಲ್ಲ. ಒತ್ತಬೇಕು ಅನ್ನಿಸಿದರೆ ದಿಕ್ಕು ಸರಿಯಿಲ್ಲ ಎಂದು ಅರ್ಥ. ಕೂತ ಮೇಲೆ ಬೀಗದ ಸ್ಕ್ರೂ ಮತ್ತೆ ಅರ್ಧ ಸುತ್ತು.

ಹೀಟ್‌ಸಿಂಕ್‌ನ ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಬಟ್ಟೆಯಿಂದ ಒರೆಸಿ, ಸಿಲಿಕಾನ್ ಮೇಲೆ ಹೊಸ ಪೇಸ್ಟ್ ತೆಳ್ಳಗೆ ಹಚ್ಚಬೇಕು. ದೋಸೆಗೆ ತುಪ್ಪ ಸವರುವಷ್ಟು ಸಾಕು, ಇಡ್ಲಿಗೆ ಚಟ್ನಿ ಹಾಕುವಷ್ಟು ಬೇಡ. ಮತ್ತೆ ಹೀಟ್‌ಸಿಂಕ್, ಫ್ಯಾನ್‌ನ ವೈರ್, ಕೀಬೋರ್ಡ್. ಫ್ಯಾನ್ ವೈರ್ ಸಿಕ್ಕಿಸಿದ್ದನ್ನು ಎರಡು ಸಲ ನೋಡಿ.

ಪವರ್ ಬಟನ್ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಇತ್ತು. ಹೊಸ ಪ್ರೊಸೆಸರ್ ಕಂಡಾಗ ಮೊದಲ ಸಲ ಆನ್ ಆಗಲು ಕೆಲವು ಸೆಕೆಂಡ್ ಹೆಚ್ಚು ಹಿಡಿಯಬಹುದು ಎಂದು ಓದಿದ್ದೆ. ಓದಿದ್ದರೂ ಎದೆ ಬಡಿತ ನಿಲ್ಲಬೇಕಲ್ಲ. ರೂಮ್‌ಮೇಟ್‌ಗಳು ಮೂವರೂ ಮಾತು ನಿಲ್ಲಿಸಿ ನೋಡುತ್ತಿದ್ದರು. ಆಮೇಲೆ ಲೋಗೊ ಬಂತು. ಟಾಸ್ಕ್ ಮ್ಯಾನೇಜರ್‌ನಲ್ಲಿ ನಾಲ್ಕು ಗ್ರಾಫ್ ಇದ್ದ ಕಡೆ ಎಂಟು ಚೌಕಗಳು ಕಂಡವು.

ಎಷ್ಟು ವ್ಯತ್ಯಾಸವಾಯಿತು?

ಬಿಚ್ಚುವ ಮೊದಲು ಮತ್ತು ಆಮೇಲೆ ಒಂದೇ ಕೆಲಸಗಳನ್ನು ಗಡಿಯಾರ ಹಿಡಿದು ಮಾಡಿ ನೋಡಿದ್ದೆ. ಪ್ರಾಜೆಕ್ಟ್‌ನ ಪೂರ್ತಿ ಬಿಲ್ಡ್ 3 ನಿಮಿಷ 50 ಸೆಕೆಂಡ್‌ನಿಂದ 2 ನಿಮಿಷ 10 ಸೆಕೆಂಡ್‌ಗೆ ಇಳಿಯಿತು. ಹತ್ತು ನಿಮಿಷದ ಸೆಮಿನಾರ್ ವಿಡಿಯೊ ಎಕ್ಸ್‌ಪೋರ್ಟ್ 21 ನಿಮಿಷದಿಂದ 12ಕ್ಕೆ ಬಂತು. ಆನ್ ಆಗುವ ಸಮಯ? ಅದೇ 22 ಸೆಕೆಂಡ್. ವರ್ಡ್ ತೆರೆಯುವುದು, ಟೈಪ್ ಮಾಡುವುದು, ರೆಸ್ಯೂಮೆ ಪಿಡಿಎಫ್ ಮಾಡುವುದು, ಯಾವುದರಲ್ಲೂ ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ.

ಇದಕ್ಕೆ ಕಾರಣ ಸರಳ. ಹಳೇ ಐ5ನ ಒಂದು ಕೋರ್ ಗರಿಷ್ಠ 3.3 ಗಿಗಾಹರ್ಟ್ಸ್ ವೇಗಕ್ಕೆ ಹೋಗುತ್ತಿತ್ತು. ಹೊಸ ಐ7ನದ್ದು 3.2. ಅಂದರೆ ಒಂದೊಂದೇ ಕೋರ್ ನೋಡಿದರೆ ಐ7 ವೇಗವಾಗಿಯೇ ಇಲ್ಲ. ಹೆಚ್ಚಾದದ್ದು ಕೈಗಳು ಮಾತ್ರ. ಮದುವೆ ಮನೆಯ ಅಡುಗೆ ನೆನೆಯಿರಿ. ಐನೂರು ಎಲೆ ಊಟಕ್ಕೆ ಇಬ್ಬರು ಭಟ್ಟರ ಬದಲು ನಾಲ್ವರಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಒಂದೇ ಒಂದು ಲೋಟ ಕಾಫಿಗೆ ನಾಲ್ವರು ನಿಂತರೂ ಹಾಲು ಕಾಯುವಷ್ಟು ಹೊತ್ತು ಕಾಯಲೇಬೇಕು. ಬಿಲ್ಡ್, ವಿಡಿಯೊ, ವರ್ಚುವಲ್ ಮಷಿನ್ ಇವೆಲ್ಲ ಐನೂರು ಎಲೆಯ ಊಟ. ವರ್ಡ್ ಫೈಲ್ ಒಂದು ಲೋಟ ಕಾಫಿ.

ನಾನು ನಿರೀಕ್ಷಿಸದೇ ಇದ್ದ ಒಂದು ಲಾಭವೂ ಆಯಿತು. ಈ ಕಾಲದ ಗ್ರಾಫಿಕ್ಸ್‌ಗೆ ಯೂಟ್ಯೂಬ್‌ನಲ್ಲಿ ಹೆಚ್ಚಾಗಿ ಬಳಸುವ ವಿಪಿ9 ಮಾದರಿಯ ವಿಡಿಯೊ ಬಿಡಿಸುವುದು ಬರುವುದಿಲ್ಲ. ಆ ಹೊರೆಯೆಲ್ಲ ಪ್ರೊಸೆಸರ್ ಮೇಲೇ ಬೀಳುತ್ತದೆ. ಈಗ ಪಾಠದ ವಿಡಿಯೊ ಒಂದು ಕಡೆ ಓಡುತ್ತಿದ್ದರೂ ಇನ್ನೊಂದು ಕಡೆ ಕೋಡ್ ಬರೆಯಬಹುದು.

ಲೆಕ್ಕ ಹೀಗಿದೆ. ಎಸ್‌ಎಸ್‌ಡಿ 1,500, ಬಳಸಿದ ರ‍್ಯಾಮ್ 900, ಪ್ರೊಸೆಸರ್ 2,600, ಪೇಸ್ಟ್ 250, ಆಲ್ಕೊಹಾಲ್ 120, ಸ್ಕ್ರೂಡ್ರೈವರ್ ಸೆಟ್ 300. ರೈಲಿನ ಖರ್ಚು ಬಿಟ್ಟು ಒಟ್ಟು 5,670 ರೂಪಾಯಿ. ಸ್ಕಾಲರ್‌ಶಿಪ್ ಹಣದಲ್ಲೇ ಆಯಿತು. ಅಮ್ಮ ಸಂಘದಲ್ಲಿ ಸಾಲ ಎತ್ತಲಿಲ್ಲ.

ಯಾರಿಗೆ ಇದು ಬೇಡ?

ಈಗ ಆ ಎಸ್.ಪಿ. ರಸ್ತೆಯ ಅಣ್ಣನ ಮಾತಿಗೆ ಬರೋಣ. ಟಿ480ಯಂಥ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವ ಐ5-8250ಯು ಪ್ರೊಸೆಸರ್‌ನಲ್ಲಿ 4 ಕೋರ್, 8 ಥ್ರೆಡ್ ಇದ್ದು, ಅದರ ಟಿಡಿಪಿ ಬರೀ 15 ವಾಟ್. ಅದಕ್ಕೆ ವಿಂಡೋಸ್ 11 ಅಧಿಕೃತವಾಗಿಯೇ ಸಿಗುತ್ತದೆ. ನನ್ನದಕ್ಕೆ ಯಾವ ಐ7 ಹಾಕಿದರೂ ಸಿಗುವುದಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು, ಜತೆಗೆ ಟಿಪಿಎಂ 2.0 ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ನಾನೀಗ ಲಿನಕ್ಸ್ ಮಿಂಟ್ ಬಳಸುತ್ತಿದ್ದೇನೆ. ಕೋಡಿಂಗ್‌ಗೆ, ಬ್ರೌಸರ್ ಕೆಲಸಕ್ಕೆ ಯಾವ ಕೊರತೆಯೂ ಇಲ್ಲ.

ಒಂದು ಸಂಗತಿ ಮಾತ್ರ ಕೆಲಸ ಹುಡುಕುವವರು ಗಮನದಲ್ಲಿಡಬೇಕು. ಕ್ಯಾಮೆರಾ ಕಣ್ಗಾವಲಿನ ಕೆಲವು ಆನ್‌ಲೈನ್ ಪರೀಕ್ಷೆಗಳಿಗೆ ವಿಂಡೋಸ್ ಕಡ್ಡಾಯವಿರುತ್ತದೆ. ಪರೀಕ್ಷೆಯ ಮೇಲ್ ಬಂದ ದಿನವೇ ಸಿಸ್ಟಮ್ ಬೇಡಿಕೆಗಳನ್ನು ಓದಿ, ಅವರು ಕೊಡುವ ಅಣಕು ಪರೀಕ್ಷೆಯ ಲಿಂಕ್ ತೆರೆದು ನೋಡಿಕೊಳ್ಳಿ. ಬೇಕಾದರೆ ಕಾಲೇಜಿನ ಲ್ಯಾಬ್‌ನಲ್ಲೋ ಸ್ನೇಹಿತರಲ್ಲೋ ವ್ಯವಸ್ಥೆ ಮಾಡಿಕೊಳ್ಳಲು ಸಮಯ ಸಿಗುತ್ತದೆ.

ಹೀಗಾಗಿ ನನ್ನ ಸಲಹೆ ಇಷ್ಟು. ನಿಮ್ಮ ಹತ್ತಿರ ಲ್ಯಾಪ್‌ಟಾಪೇ ಇಲ್ಲದಿದ್ದರೆ ಹಳೆಯದನ್ನು ಕೊಂಡು ಅದಕ್ಕೆ ಪ್ರೊಸೆಸರ್ ಹಾಕುವ ಸಾಹಸ ಬೇಡ, ಎಂಟನೇ ಪೀಳಿಗೆಯ ರಿಫರ್ಬಿಶ್ಡ್ ನೋಡಿ. ಬ್ಯಾಂಕಿಂಗ್, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುತ್ತಿದ್ದು ಪಿಡಿಎಫ್, ವಿಡಿಯೊ, ಟೈಪಿಂಗ್ ಅಭ್ಯಾಸಕ್ಕಷ್ಟೇ ಬೇಕಿದ್ದರೆ ಎಸ್‌ಎಸ್‌ಡಿ, ರ‍್ಯಾಮ್ ಸಾಕು. ಈಗಾಗಲೇ ಸಾಕೆಟ್ ಇರುವ ಲ್ಯಾಪ್‌ಟಾಪ್ ಇದ್ದು, ಅದರಲ್ಲಿ ಐ3 ಅಥವಾ 2 ಕೋರ್‌ನ ಐ5 ಇದ್ದು, ಪ್ರೋಗ್ರಾಮಿಂಗ್, ವಿಡಿಯೊ ಎಡಿಟಿಂಗ್‌ನಂಥ ಕೆಲಸ ಮಾಡುವವರಿಗೆ ಮಾತ್ರ ಪ್ರೊಸೆಸರ್ ಬದಲಾವಣೆ ಲಾಭದ್ದು.

ಬಿಚ್ಚಿ ನೋಡುವ ಹಕ್ಕು

ಐದು ಸಾವಿರದಲ್ಲಿ ಮುಗಿದ ಈ ಕೆಲಸ ಇನ್ನು ಐದು ವರ್ಷ ಕಳೆದರೆ ಯಾರಿಗೂ ಸಾಧ್ಯವಾಗಲಿಕ್ಕಿಲ್ಲ. ಈಗಿನ ಎಷ್ಟೋ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಹೋಗಲಿ, ರ‍್ಯಾಮ್ ಕೂಡ ಬೆಸುಗೆಯೇ. ಕೊಂಡ ದಿನ ಎಷ್ಟಿತ್ತೋ ಅಷ್ಟೇ. ನಮ್ಮಲ್ಲೂ ರಿಪೇರಿ ಹಕ್ಕಿನ ಮಾತು ಶುರುವಾಗಿದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕಾಗಿ ಸಮಿತಿ ರಚಿಸಿ, ರೈಟ್ ಟು ರಿಪೇರ್ ಪೋರ್ಟಲ್ ಆರಂಭಿಸಿತು. ಮುಂದಿನ ಸಲ ಲ್ಯಾಪ್‌ಟಾಪ್ ಕೊಳ್ಳುವವರು ‘ಎಷ್ಟು ಜಿಬಿ’ ಎನ್ನುವುದರ ಜತೆಗೆ ‘ರ‍್ಯಾಮ್ ಸ್ಲಾಟ್ ಇದೆಯಾ, ಎಸ್‌ಎಸ್‌ಡಿ ಬದಲಿಸಬಹುದಾ’ ಎಂದೂ ಕೇಳಿ. ಕೇಳುವವರು ಹೆಚ್ಚಾದರೆ ಮಾರುವವರೂ ಯೋಚಿಸುತ್ತಾರೆ.

ಪ್ರೊಸೆಸರ್ ಬದಲಿಸಿದ್ದರಿಂದ ನನಗೆ ಕೆಲಸ ಸಿಕ್ಕಿತಾ ಎಂದು ಕೇಳಬಹುದು. ಇಲ್ಲ, ಇನ್ನೂ ಹುಡುಕುತ್ತಿದ್ದೇನೆ. ಪ್ರಾಜೆಕ್ಟ್ ಸಮಯಕ್ಕೆ ಮುಗಿಯಿತು, ಒಳ್ಳೆಯ ಅಂಕ ಬಂತು. ಒಂದು ಇಂಟರ್‌ವ್ಯೂನಲ್ಲಿ ಕೋರ್‌ಗೂ ಥ್ರೆಡ್‌ಗೂ ಏನು ವ್ಯತ್ಯಾಸ ಎಂದು ಕೇಳಿದರು. ಆಪರೇಟಿಂಗ್ ಸಿಸ್ಟಮ್ ಪುಸ್ತಕದ ಸಾಲು ನೆನಪಿಸಿಕೊಳ್ಳುವ ಬದಲು ನಾಲ್ಕು ಗ್ರಾಫ್ ಎಂಟಾದ ಕತೆ ಹೇಳಿದೆ. ಹತ್ತು ನಿಮಿಷ ಅದರ ಮೇಲೇ ಪ್ರಶ್ನೆ ಕೇಳಿದರು. ಎರಡನೇ ಸುತ್ತಿನಲ್ಲಿ ಹೊರಬಿದ್ದೆ, ಆದರೆ ಆ ಹತ್ತು ನಿಮಿಷ ನಾನು ತಡವರಿಸಲಿಲ್ಲ.

ಬಿಚ್ಚಿ ತೆಗೆದ ಹಳೇ ಐ5 ಕೆಲವು ತಿಂಗಳು ನನ್ನ ಪೆನ್ಸಿಲ್ ಡಬ್ಬಿಯಲ್ಲಿತ್ತು. ಹಾಸ್ಟೆಲ್‌ನ ಜೂನಿಯರ್ ಒಬ್ಬಳ ಲ್ಯಾಪ್‌ಟಾಪ್‌ನಲ್ಲಿ ಐ3-3110ಎಂ ಇತ್ತು. ಅದೇ ಸಾಕೆಟ್ ಜಿ2, ಅದೇ 35 ವಾಟ್. ‘ಅಕ್ಕಾ, ಹಾಕಿಕೊಡ್ತೀರಾ?’ ಎಂದಳು. ‘ನಾನು ಪಕ್ಕದಲ್ಲಿ ಕೂತಿರ್ತೀನಿ, ನೀನೇ ಹಾಕು’ ಎಂದೆ. ಅವಳು ಮೆಸ್‌ಗೆ ಹೋಗಿ ಇಡ್ಲಿ ತಟ್ಟೆ ತಂದಳು.